ಮಳೆಮಾಪಕ ಇಟ್ಟವರಿಗೊಂದು ಮಾತು

ಮುಂಗಾರು ಶುರುವಾಯ್ತು, 'ನಿಮ್ಮಲ್ಲಿ ಎಷ್ಟು ಬಂತು' ಅನ್ನೋ ಪೈಪೋಟಿನೂ ಶುರು. ಲೆಕ್ಕ ತಪ್ಪೋದು ಹೆಚ್ಚಾಗಿ ಮಾಪಕ ಇಟ್ಟ ಜಾಗದಿಂದ. ನಾನೇ ಮೊದಲ ವರ್ಷ ಅಂಗಳದ ಮೂಲೆಯ ಅಡಿಕೆ ಮರದ ಹತ್ತಿರ ಇಟ್ಟಿದ್ದೆ. ಸೋಗೆಯಿಂದ ತೊಟ್ಟಿಕ್ಕಿದ್ದೂ ಸೇರಿ ಊರಿಗೆಲ್ಲ ನನ್ನದೇ ದಾಖಲೆ ಮಳೆ! ಮರ, ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಲಿ. ತಾರಸಿ ಬೇಡ, ಗಾಳಿಗೆ ಹನಿ ಹಾರಿಹೋಗುತ್ತೆ.

ಅಳೆಯೋದು ದಿನಾ ಬೆಳಗ್ಗೆ 8.30ಕ್ಕೆ. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಹಾಕೋದೂ ಆ ಹೊತ್ತಿಗೇ, ಹೋಲಿಸೋಕೆ ಸುಲಭ. ಗಾಜಿನ ಅಂಚಿಗೆ ನೀರು ಸ್ವಲ್ಪ ಮೇಲೇರಿರುತ್ತೆ; ಅದನ್ನಲ್ಲ, ನಡುವಿನ ತಗ್ಗನ್ನು ಕಣ್ಣ ಮಟ್ಟಕ್ಕೆ ಹಿಡಿದು ಓದಿ.

ಮಾಪಕ ಇಲ್ವಾ? ಬಾಟಲಿಗೆ ಆಲಿಕೆ ಇಟ್ಟರೂ ಸಾಕು. ಆದರೆ ಬಾಟಲಿಗೆ ಸ್ಕೇಲು ಹಿಡೀಬೇಡಿ, ಆಲಿಕೆಯ ಬಾಯಿಯೂ ಬಾಟಲಿಯೂ ಒಂದೇ ಅಗಲ ಇರೋಲ್ಲ; ನೀರನ್ನು ಮಿ.ಲೀ.ನಲ್ಲಿ ಅಳೆಯಿರಿ. ಆಲಿಕೆಯ ಬಾಯಿ 20 ಸೆಂ.ಮೀ. ಅಗಲ ಇದ್ದರೆ 314 ಮಿ.ಲೀ. ನೀರು ಅಂದ್ರೆ 10 ಮಿ.ಮೀ. ಮಳೆ. ಕೊಡಗಿನವರ ಇಂಚು-ಸೆಂಟಿನ ಲೆಕ್ಕಕ್ಕೆ (ಇಂಚಿನ ನೂರನೇ ಒಂದು ಪಾಲು ಅಂದ್ರೆ ಸೆಂಟು) ಮಿ.ಮೀ. ಅನ್ನು 25.4ರಿಂದ ಭಾಗಿಸಿ.

ಜಡಿಮಳೆ ದಿನ ರಾತ್ರಿಯೇ ಒಮ್ಮೆ ಅಳೆದು, ಬರೆದಿಟ್ಟು, ಖಾಲಿ ಮಾಡಿ. ತುಂಬಿ ಚೆಲ್ಲಿದ್ದಕ್ಕೆ ಲೆಕ್ಕ ಇಲ್ಲ.