ಚಿಕ್ಕ ಮಕ್ಕಳಿಗೆ ಮಾತಾಡೋ ಕಲಿಕೆ ಆಟಿಕೆ ಆರಿಸೋದು, ಆಡ್ಸೋದು, ಜೋಪಾನ ಮಾಡೋದು ಹೇಗೆ

ನಮ್ಮ ಮಗಳ ಎರಡನೇ ಹುಟ್ಟುಹಬ್ಬಕ್ಕೆ ಮೂರು ಜನ ಮೂರು ಬ್ಯಾಟರಿ ಆಟಿಕೆ ತಂದ್ಕೊಟ್ರು. ಒಂದು ಕಾರ್ಡ್ ತೂರ್ಸಿದ್ರೆ ಹೆಸ್ರು ಹೇಳೋ ಪುಟ್ಟ ಮಷಿನ್ನು, ಒಂದು ಚಿತ್ರ ಒತ್ತಿದ್ರೆ ಎಬಿಸಿಡಿ ಹಾಡೋ ಪುಸ್ತಕ, ಇನ್ನೊಂದು ಬರೆದು ಅಳಿಸೋ ಎಲ್‌ಸಿಡಿ ಪ್ಯಾಡು. ಅವಳಿಗೀಗ ನಾಲ್ಕೂವರೆ. ಈ ಎರಡೂವರೆ ವರ್ಷದಲ್ಲಿ ಇವುಗಳ ಜೊತೆ ಏನು ಮಾಡಿದ್ರೆ ಮಗು ಬಾಯಿ ಬಿಡತ್ತೆ, ಏನು ಮಾಡಿದ್ರೆ ಸುಮ್ನೆ ಬಟನ್ ಕುಟ್ಕೊಂಡು ಕೂರತ್ತೆ ಅನ್ನೋದು ಕಣ್ಣಾರೆ ನೋಡಿದೀನಿ. ಇಂಥ ಆಟಿಕೆ ತಗೋಬೇಕು ಅಂತಿರೋರು, ಆಗ್ಲೇ ತಗೊಂಡು ಅಟ್ಟದ ಮೇಲೆ ಇಟ್ಟಿರೋರು ಇಬ್ರಿಗೂ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲು ವಯಸ್ಸಿನ ಮಾತು. ಎರಡು ವರ್ಷದ ಒಳಗಿನ ಮಗುಗೆ ಇದ್ಯಾವುದೂ ಬೇಡ ಅಂತ ನನ್ನ ಅಭಿಪ್ರಾಯ, ಆ ವಯಸ್ಸಲ್ಲಿ ಸ್ಟೀಲ್ ಲೋಟ, ಸೌಟು, ತಾತನ ಕನ್ನಡಕ ಇವೇ ಅವುಗಳಿಗೆ ಪ್ರಪಂಚ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ, ಒಂದು ವರ್ಷದ ಮಗುಗೆ ಕೂತು ನೋಡೋ ಸ್ಕ್ರೀನ್ ಬೇಡ್ವೇ ಬೇಡ, ಎರಡರಿಂದ ನಾಲ್ಕು ವರ್ಷದೋರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಮ್ಮಿ ಆದಷ್ಟೂ ಒಳ್ಳೇದು ಅಂತ. ಕಾರ್ಡ್ ಮಷಿನ್ನಿಗೆ ಸ್ಕ್ರೀನೇ ಇಲ್ಲ, ಎಲ್‌ಸಿಡಿ ಪ್ಯಾಡು ಬೆಳಕು ಸೂಸಲ್ಲ, ಅದಕ್ಕೇ ಎರಡೂವರೆ ಆದ್ಮೇಲೆ ಫೋನ್ ಬದ್ಲು ಇವನ್ನ ಕೊಡೋದು ನನಗೆ ಸರಿ ಅನ್ಸತ್ತೆ.

ಇನ್ನು ಆರಿಸೋದು. ಇಲ್ಲಿ ನೋಡ್ಬೇಕಾಗಿರೋದು ಮುಖ್ಯವಾಗಿ ಒಂದೇ: ಆಟಿಕೆ ಬರೀ ಹೇಳ್ತಾ ಹೋಗತ್ತಾ, ಇಲ್ಲಾ ಕೇಳಿ, ಉತ್ತರಕ್ಕೆ ಕಾಯತ್ತಾ? ಬಾಕ್ಸ್ ಮೇಲೆ ನೂರು ಹಾಡು, ಇನ್ನೂರು ಶಬ್ದ ಅಂತೆಲ್ಲ ದೊಡ್ಡದಾಗಿ ಹಾಕಿರ್ತಾರೆ, ಅದಕ್ಕೆ ಮರುಳಾಗ್ಬೇಡಿ. ಈ ಜಾತಿಯ ಆಟಿಕೆಗಳಿಗೆಲ್ಲ ಹಿರಿಯ ಅಂತ ಕರೀಬಹುದಾದ್ದು ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1976ರಲ್ಲಿ ಮಾಡಿದ 'ಲಿಟಲ್ ಪ್ರೊಫೆಸರ್'. ನೋಡೋಕೆ ಕ್ಯಾಲ್ಕುಲೇಟರ್ ಥರಾನೇ, ಆದ್ರೆ ಕೆಲಸ ತಿರುವುಮುರುವು: ಲೆಕ್ಕ ಕೊಡೋದು ಅದು, ಉತ್ತರ ಒತ್ತೋದು ಮಗು. ತಪ್ಪಾದ್ರೆ ಇ ಇ ಇ ಅಂತ ತೋರ್ಸಿ ಮತ್ತೆ ಅದೇ ಲೆಕ್ಕ ಕೇಳತ್ತೆ, ಮೂರು ಸಲ ತಪ್ಪಿದ ಮೇಲಷ್ಟೇ ಉತ್ತರ ತೋರ್ಸೋದು. ಅದೇ ಕಂಪನಿ 1978ರಲ್ಲಿ 'ಸ್ಪೀಕ್ ಅಂಡ್ ಸ್ಪೆಲ್' ತಂತು, ಅದು ಒಂದು ಪದ ಹೇಳತ್ತೆ, ಮಗು ಅಕ್ಷರ ಅಕ್ಷರ ಒತ್ತಿ ಸ್ಪೆಲ್ಲಿಂಗ್ ಕೊಡ್ಬೇಕು. ಟೇಪು, ದಾರ, ತಿರುಗೋ ಡಿಸ್ಕು ಏನೂ ಇಲ್ದೆ ಒಂದು ಚಿಪ್ಪಿಂದ್ಲೇ ಮನುಷ್ಯರ ಥರ ಧ್ವನಿ ಹೊರಡ್ಸಿದ್ದು ಆಗಿನ ಕಾಲಕ್ಕೆ ದೊಡ್ಡ ವಿಷಯ. ಸುಮಾರು ಐವತ್ತು ವರ್ಷದ ಹಿಂದಿನ ಆ ಆಟಿಕೆಗಳಿಗೆ ಇದ್ದ ಗುಣ, ಅಂದ್ರೆ ಕಾಯೋ ಗುಣ, ಈಗ ಮಾರ್ಕೆಟ್ಟಲ್ಲಿರೋ ಎಷ್ಟೋ ಆಟಿಕೆಗಳಿಗೆ ಇಲ್ಲ.

ಹಾಗಾಗಿ ಅಂಗಡೀಲಿ ಬಾಕ್ಸ್ ತೆಗೆಸಿ, ಆನ್ ಮಾಡಿಸ್ಕೊಂಡು ನೋಡಿ. 'ವೇರ್ ಈಸ್ ದ ಕೌ' ಅನ್ನೋ ಥರ ಪ್ರಶ್ನೆ ಕೇಳೋ ಮೋಡ್ ಇದ್ಯಾ? ಉತ್ತರ ಕೊಡೋವರ್ಗೂ ಸುಮ್ನಿರತ್ತಾ, ಇಲ್ಲಾ ಎರಡೇ ಸೆಕೆಂಡಿಗೆ ಮುಂದಿನ ಹಾಡು ಶುರು ಮಾಡತ್ತಾ? ವಾಲ್ಯೂಮ್ ಕಮ್ಮಿ ಮಾಡೋ ಬಟನ್ ಇದ್ಯಾ? ಉಚ್ಚಾರಣೆ ಬಿಡಿಬಿಡಿಯಾಗಿ ಕೇಳ್ಸತ್ತಾ? ಎಷ್ಟೋ ಆಟಿಕೆ ಕೊನೇ ಅಕ್ಷರನ 'ಝೀ' ಅನ್ನತ್ತೆ, ನಮ್ಮ ಶಾಲೆಗಳಲ್ಲಿ 'ಝೆಡ್' ಅಂತಾರೆ, ಅದು ದೊಡ್ಡ ತೊಂದ್ರೆ ಅಲ್ಲ, ಎರಡೂ ಒಂದೇ ಕಣೋ ಅಂತ ಒಂದು ಸಲ ಹೇಳಿದ್ರೆ ಮಕ್ಕಳು ತಿಳ್ಕೋತವೆ.

ಬಾಕ್ಸ್ ಮೇಲೆ ಐಎಸ್‌ಐ ಮಾರ್ಕ್ ಹುಡುಕಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರೋ ಆಟಿಕೆಗೆ ಇದು ಕಡ್ಡಾಯ, ಹೊರದೇಶದಿಂದ ಬಂದಿದ್ರೂ ಅಷ್ಟೇ. ಕರೆಂಟ್ ಅಥವಾ ಬ್ಯಾಟರಿ ಆಟಿಕೆ ಆದ್ರೆ ಐಎಸ್ 15644 ಅಂತ ಇರತ್ತೆ, ಪಕ್ಕದಲ್ಲಿ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರು. ಆ ನಂಬರನ್ನ, ಈ ಮಾರ್ಕ್ ಕೊಡೋ ಬಿಐಎಸ್ ಸಂಸ್ಥೆಯ 'ಬಿಐಎಸ್ ಕೇರ್' ಆಪಲ್ಲಿ ಹಾಕಿದ್ರೆ ಅಸಲಿನಾ ಅಂತ ಗೊತ್ತಾಗತ್ತೆ. ಜಾತ್ರೇಲಿ, ಫುಟ್‌ಪಾತಲ್ಲಿ ಚೀಪಾಗಿ ಸಿಗೋದ್ರಲ್ಲಿ ಮಾರ್ಕ್ ಇಲ್ದೇ ಇರೋದು ಜಾಸ್ತಿ, ಬಾಯಿಗೆ ಹಾಕ್ಕೊಳೋ ವಯಸ್ಸಿನ ಮಗುಗೆ ಅದು ಖಂಡಿತ ಬೇಡ.

ಈಗ ಆಡ್ಸೋದಕ್ಕೆ ಬರೋಣ, ನಾನು ಹೇಳ್ಬೇಕು ಅಂತಿರೋದು ಜಾಸ್ತಿ ಇಲ್ಲೇ ಇದೆ.

ಕಾರ್ಡ್ ಮಷಿನ್ ಜೊತೆ ನೂರು ಚಿಲ್ಲರೆ ಕಾರ್ಡ್ ಬರತ್ತೆ, ಅಷ್ಟನ್ನೂ ಒಟ್ಟಿಗೆ ಮಗು ಮುಂದೆ ಸುರೀಬೇಡಿ. ಆರೇ ಆರು ಕಾರ್ಡ್ ತೆಗ್ದಿಡಿ, ಅದೂ ಮಗು ದಿನಾ ನೋಡೋದು, ಹಸು, ಬಾಳೆಹಣ್ಣು, ಬಸ್ಸು, ನಾಯಿ, ಕಾಗೆ, ಚಮಚ. ಇಗ್ಲೂ, ಪೆಂಗ್ವಿನ್ ಎಲ್ಲ ಆಮೇಲೆ. ಮಾಮೂಲಾಗಿ ನಾವೇನು ಮಾಡ್ತೀವಿ, ಕಾರ್ಡ್ ತೂರ್ಸ್ತೀವಿ, ಅದು ಹೇಳತ್ತೆ, ಮುಂದಿನ ಕಾರ್ಡ್. ಅದನ್ನ ಹಿಂದುಮುಂದು ಮಾಡಿ. ಮೊದ್ಲು ಕಾರ್ಡ್ ಕೈಲಿ ಹಿಡ್ದು ತೋರ್ಸಿ, ಇದೇನು ಪುಟ್ಟಿ ಅಂತ ಕೇಳಿ, ಮನಸ್ಸಲ್ಲೇ ಐದರವರ್ಗೂ ಎಣಿಸಿ. ಮಗು ಏನಾದ್ರೂ ಹೇಳ್ಲಿ, ಅಂಬಾ ಅಂದ್ರೂ ಸರಿ, ಕೈ ತೋರ್ಸಿದ್ರೂ ಸರಿ. ಆಮೇಲೆ ಕಾರ್ಡನ್ನ ಮಗು ಕೈಲೇ ತೂರ್ಸಿ. ಮಷಿನ್ 'ಕೌ' ಅಂದ ತಕ್ಷಣ ನೀವು ಹೂಂ ಹಸು, ನಿನ್ನೆ ಹಾಲಿನ ಅಂಗಡಿ ಹತ್ರ ಬಾಲ ಆಡಿಸ್ತಿತ್ತಲ್ಲ ಅಂತ ಒಂದು ಮಾತು ಸೇರ್ಸಿ. ಅಷ್ಟೇ. ಹತ್ತು ನಿಮಿಷ ಸಾಕು, ಮಗುಗೆ ಬೇಜಾರಾಗೋಕೆ ಮುಂಚೆ ಎತ್ತಿಡಿ.

ಇದನ್ನ ನನಗೆ ಕಲಿಸಿದ್ದು ನಮ್ಮತ್ತೆ. ಮಗಳು ಶುರುವಲ್ಲಿ ಆನೆ ಕಾರ್ಡ್ ಒಂದನ್ನೇ ಹಿಡ್ಕೊಂಡು ತೂರ್ಸೋದು, ತೆಗೆಯೋದು, ತೂರ್ಸೋದು, 'ಎಲಿಫೆಂಟ್, ಎಲಿಫೆಂಟ್' ಅಂತ ಮನೆಯೆಲ್ಲ ಅದೇ ಸದ್ದು, ಅವಳ ಬಾಯಿಂದ ಮಾತ್ರ ಒಂದು ಅಕ್ಷರಾನೂ ಇಲ್ಲ. ಅತ್ತೆ ಅವರೆಕಾಯಿ ಬಿಡಿಸ್ತಾ ಕೂತಿದ್ರು, ಮಷಿನ್ ಒಂದೊಂದು ಸಲ ಹೇಳ್ದಾಗ್ಲೂ ತಲೆ ಎತ್ತದೇನೇ 'ಆನೆ ಕಣೇ, ಸೊಂಡ್ಲು ಎಲ್ಲಿ' ಅನ್ನೋರು. ಮೂರು ದಿನ ಆಯ್ತು, ನಾಲ್ಕು ದಿನ ಆಯ್ತು. ಒಂದು ಸಾಯಂಕಾಲ ಮಗಳು ಕಾರ್ಡನ್ನ ಮಷಿನ್ ಬಾಯಿ ಹತ್ರ ತಂದು, ತೂರ್ಸ್ದೆ ನಿಲ್ಸಿ, ಅಜ್ಜಿ ಮುಖ ನೋಡಿ, ತನ್ನ ಮೂಗು ಮುಂದೆ ಕೈ ಉದ್ದ ಮಾಡಿ 'ಆನೇ' ಅಂದ್ಲು, ಆಮೇಲೆ ಕಾರ್ಡ್ ತಳ್ಳಿದ್ಲು. ಅವತ್ತು ಆ ಮಷಿನ್ನು ಅವಳಿಗೆ ಉತ್ತರ ಕೊಡೋ ಹಾಗಾಯ್ತು, ಅಲ್ಲೀವರ್ಗೂ ಅವಳೇ ಅದನ್ನ ಸುಮ್ನೆ ಕೇಳಿಸ್ಕೋತಿದ್ಲು.

ಇದಕ್ಕೆ ಪುರಾವೆನೂ ಇದೆ. ಅಮೆರಿಕದ ನಾರ್ದರ್ನ್ ಆರಿಜೋನಾ ಯೂನಿವರ್ಸಿಟಿ ಅಧ್ಯಯನ ಒಂದು 2016ರಲ್ಲಿ ಪ್ರಕಟ ಆಯ್ತು, 10ರಿಂದ 16 ತಿಂಗಳ ಮಕ್ಕಳಿರೋ 26 ಕುಟುಂಬಗಳ ಮನೇಲಿ ರೆಕಾರ್ಡ್ ಮಾಡಿ ನೋಡಿದ್ದು. ಸದ್ದು ಮಾಡೋ ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ ದೊಡ್ಡೋರು ಆಡೋ ಮಾತೂ ಕಮ್ಮಿ, ಮಗು ಜೊತೆ ಮಾತಿಗೆ ಮಾತು ಕೊಡೋದೂ ಕಮ್ಮಿ, ಸದ್ದು ಮಾಡದ ಮಾಮೂಲಿ ಪುಸ್ತಕ ಇದ್ದಾಗ ಎರಡೂ ಜಾಸ್ತಿ. ನೋಡಿ, ಆಟಿಕೆ ಮಾತಾಡ್ತಿದೆ ಅಂತ ನಾವು ಸುಮ್ನಾಗ್ಬಿಡ್ತೀವಿ, ಗ್ಯಾಸ್ ಮೇಲೆ ಅನ್ನ ಇದೆ, ಆಫೀಸ್ ಕಾಲ್ ಇದೆ, ನನಗೂ ಗೊತ್ತು. ದಿನ ಪೂರ್ತಿ ಪಕ್ಕ ಕೂರಿ ಅಂತಲ್ಲ, ಮೊದಲ ಹತ್ತು ನಿಮಿಷ ಕೂತ್ರೆ ಆಮೇಲೆ ಮಗು ಒಂದೇ ಆಡುವಾಗ್ಲೂ ನಿಮ್ಮ ಮಾತನ್ನ ತಾನೇ ಹೇಳ್ಕೊಂಡು ಆಡತ್ತೆ.

ಎಲ್‌ಸಿಡಿ ಪ್ಯಾಡ್ ನನಗೆ ಈ ಮೂರರಲ್ಲಿ ಅಚ್ಚುಮೆಚ್ಚು, ಯಾಕಂದ್ರೆ ಅದು ಏನೂ ಮಾತಾಡಲ್ಲ, ಕನ್ನಡನೂ ಬರೀಬಹುದು. ಒಳಗಿರೋ ಲಿಕ್ವಿಡ್ ಕ್ರಿಸ್ಟಲ್ ಪದರ ಒತ್ತಿದ ಕಡೆ ಬಣ್ಣ ಕಾಣೋ ಹಾಗೆ ಮಾಡತ್ತೆ, ಬರೆಯೋಕೆ ಕರೆಂಟೇ ಬೇಡ, ಅಳಿಸೋವಾಗ ಮಾತ್ರ ಬ್ಯಾಟರಿ ಬೇಕು. ಅದಕ್ಕೇ ಸೆಲ್ ತಿಂಗಳುಗಟ್ಲೆ ಬರತ್ತೆ. ಪೆನ್ ಕಳ್ದ್ರೆ ತಲೆ ಕೆಡಿಸ್ಕೋಬೇಡಿ, ಉಗುರಲ್ಲೂ ಬರೀಬಹುದು, ಮೊಂಡಾಗಿರೋ ಯಾವ್ದೇ ಕಡ್ಡಿ ಆಗತ್ತೆ, ಚೂಪಾಗಿರೋದು ಮಾತ್ರ ಬೇಡ, ಗೀರು ಬಿದ್ರೆ ಹೋಗಲ್ಲ.

ಅಕ್ಷರ ಶುರು ಮಾಡೋಕೆ ಅ ಆ ಇ ಈ ಕ್ರಮಾನೇ ಆಗ್ಬೇಕು ಅಂತಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಕ್ಲಾಸಲ್ಲಿ ರ ಗ ಸ ದ ಅ ಇಂದ ಶುರು ಮಾಡ್ತಾರೆ, ಬರೆಯೋಕೂ ಸುಲಭ, ಐದೇ ಅಕ್ಷರಕ್ಕೆ ಸರ, ದಸರ, ಅರಸ, ಗರಗಸ ಅಂತ ಪದಾನೇ ಬಂದ್ಬಿಡತ್ತೆ. ನಾನು ಪ್ಯಾಡ್ ತುಂಬ ದೊಡ್ಡದಾಗಿ ರ ಬರೀತೀನಿ, ಅವಳು ಅದರ ಮೇಲೆ ಬೆರಳು ಆಡಿಸ್ತಾಳೆ, ಆಮೇಲೆ ಪೆನ್ನಲ್ಲಿ ತಿದ್ದುತಾಳೆ, ಆಮೇಲೆ ಅಳಿಸಿ ತಾನೇ ಬರೀತಾಳೆ. ಒಂದು ವಿಷಯ, ಅಳಿಸೋ ಬಟನ್ ಒತ್ತಿದ್ರೆ ಎಲ್ಲಾ ಒಂದೇ ಸಲ ಮಾಯ, ಕಷ್ಟಪಟ್ಟು ಬಿಡ್ಸಿದ ರಂಗೋಲಿ ಹೋಯ್ತು ಅಂತ ಮಗು ಅತ್ರೆ ಸಮಾಧಾನ ಮಾಡೋದು ಕಷ್ಟ, ಹಿಂದ್ಗಡೆ ಲಾಕ್ ಇದ್ರೆ ಹಾಕಿಟ್ಬಿಡಿ, ಅಳಿಸೋಕೆ ಮುಂಚೆ ಫೋನಲ್ಲಿ ಒಂದು ಫೋಟೋ ತೆಗೀರಿ.

ಲೆಕ್ಕದ ಆಟಿಕೆ ಇದ್ರೆ ಐದು ವರ್ಷಕ್ಕೆ ಕೊಡಿ, ಪಕ್ಕದಲ್ಲಿ ಒಂದು ಬಟ್ಟಲು ಹುಣಸೆಬೀಜ ಇಡಿ. 7 ಕೂಡಿಸು 5 ಅಂತ ಕೇಳ್ದಾಗ ಬೀಜ ಜೋಡ್ಸಿ ಎಣಿಸಿ ಆಮೇಲೆ ಬಟನ್ ಒತ್ತಲಿ. ಮೂರು ವರ್ಷದ ಒಳಗಿನ ತಮ್ಮನೋ ತಂಗಿನೋ ಮನೇಲಿದ್ರೆ ಬೀಜ ಬೇಡ, ಗಂಟಲಿಗೆ ಸಿಕ್ಕತ್ತೆ, ಬದ್ಲಿಗೆ ಚನ್ನಪಟ್ಟಣದ ದೊಡ್ಡ ಮರದ ಮಣಿ ಕೋದಿರೋ ಎಣಿಕೆ ಚೌಕಟ್ಟು ಬಳಸಿ.

ಈಗ ಹೇಳೋದನ್ನ ದಯವಿಟ್ಟು ನಿಧಾನವಾಗಿ ಓದಿ. ಎಲ್‌ಸಿಡಿ ಪ್ಯಾಡು, ಸಣ್ಣ ಹಾಡೋ ಪುಸ್ತಕಗಳಲ್ಲಿ ಇರೋದು ನಾಣ್ಯದ ಥರದ ಬಟನ್ ಸೆಲ್ಲು. ಒಂದ್ಸಲ ಕಸ ಗುಡಿಸ್ತಿದ್ದಾಗ ದಿವಾನ್ ಕೆಳಗಿಂದ ಮಿಣಮಿಣ ಅಂತ ಒಂದು ಸೆಲ್ ಉರುಳ್ಕೊಂಡು ಬಂತು, ನೋಡಿದ್ರೆ ಪ್ಯಾಡಿನ ಹಿಂದಿನ ಮುಚ್ಚಳದ ಸ್ಕ್ರೂ ಯಾವಾಗ್ಲೋ ಬಿದ್ದೋಗಿದೆ, ಮಗಳು ಅಲ್ಲೇ ಪಕ್ಕದಲ್ಲೇ ಆಡ್ತಾ ಕೂತಿದಾಳೆ. ಕೈಕಾಲು ತಣ್ಣಗಾಯ್ತು ನನಗೆ. ಈ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿದ್ರೆ ಅಲ್ಲಿನ ಹಸಿಗೆ ಕರೆಂಟ್ ಹರಿದು ಕ್ಷಾರ ಉಂಟಾಗತ್ತೆ, ಎರಡೇ ಗಂಟೇಲಿ ಒಳಗೆ ಗಂಭೀರವಾಗಿ ಸುಡಬಹುದು, ಸೆಲ್ ಹಳೇದಾಗಿದ್ರೂ ಅಪಾಯ ತಪ್ಪಲ್ಲ. ಹಾಗಾಗಿ ಸ್ಕ್ರೂ ಇಲ್ದಿರೋ ಮುಚ್ಚಳದ ಆಟಿಕೆ ತಗೋಳ್ಳೇಬೇಡಿ, ತಿಂಗಳಿಗೊಂದ್ಸಲ ಸ್ಕ್ರೂ ಬಿಗಿ ಇದ್ಯಾ ನೋಡಿ, ತೆಗೆದ ಸೆಲ್ಲನ್ನ ತಕ್ಷಣ ಎರಡೂ ಕಡೆ ಟೇಪ್ ಸುತ್ತಿ ಎತ್ತರದಲ್ಲಿಡಿ. ನುಂಗಿರಬಹುದು ಅಂತ ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸ್ಬೇಡಿ, ಬಾಳೆಹಣ್ಣು ಅನ್ನ ಅಂತ ತಿನ್ನಿಸ್ಬೇಡಿ, ಎಕ್ಸ್‌ರೇ ಇರೋ ಆಸ್ಪತ್ರೆಗೆ ಆಗ್ಲೇ ಓಡಿ, ಬೆಳಗ್ಗೆ ನೋಡೋಣ ಅಂತ ಕಾಯ್ಬೇಡಿ.

ಸದ್ದಿಗೆ ಸುಲಭ ಉಪಾಯ: ಆಟಿಕೆನ ನಿಮ್ಮ ಕಿವಿ ಹತ್ರ ಹಿಡೀರಿ, ಮಕ್ಕಳು ಹಾಗೇ ತಾನೇ ಹಿಡ್ಕೊಳೋದು. ನಿಮಗೆ ಕಿರಿಕಿರಿ ಆದ್ರೆ ಮಗು ಕಿವಿಗೂ ಜಾಸ್ತಿನೇ. ಸ್ಪೀಕರ್ ತೂತುಗಳ ಮೇಲೆ ಪಾರ್ಸೆಲ್ ಟೇಪ್ ಒಂದು ಪದರ ಅಂಟಿಸಿ, ಸಾಲ್ದಿದ್ರೆ ಎರಡು, ಮಾತು ಕೇಳ್ಸತ್ತೆ, ಚುಚ್ಚೋದು ಹೋಗತ್ತೆ.

ಕಾರ್ಡ್ ಮಷಿನ್ ಬೇರೆ ಹೆಸ್ರು ಹೇಳೋಕೆ ಶುರು ಮಾಡಿದ್ರೆ ಕೆಟ್ಟೋಯ್ತು ಅಂತ ಎಸೀಬೇಡಿ, ಕಾರ್ಡ್ ಕೆಳಗಿನ ಅಂಚು ಜಿಡ್ಡಾಗಿದ್ರೆ ಓದೋಕೆ ಆಗಲ್ಲ, ಒಣ ಬಟ್ಟೇಲಿ ಕಾರ್ಡ್ ಒರೆಸಿ, ಸಂದಿಗೆ ಜೋರಾಗಿ ಊದಿ. ಚಾರ್ಜಿಂಗ್ ಮಾಡೋದಾದ್ರೆ ಹಳೇ ಫೋನಿನ ಮಾಮೂಲಿ 5 ವೋಲ್ಟ್ ಚಾರ್ಜರ್ ಸಾಕು, ಚಾರ್ಜಲ್ಲಿ ಇರೋವಾಗ ಮಗು ಕೈಗೆ ಬೇಡ. ಡಬಲ್ ಎ ಸೆಲ್ ಹಾಕೋ ಆಟಿಕೇಲಿ ಹಳೇದು ಹೊಸದು ಬೆರೆಸಿ ಹಾಕ್ಬೇಡಿ, ಸೋರೋದು ಹಾಗೇನೇ. ಆಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳೀ ಪುಡಿ ಕಟ್ಟಿದ್ರೆ ಸೆಲ್ ತೆಗೆದು, ಇಯರ್ ಬಡ್ಡನ್ನ ನಿಂಬೆರಸದಲ್ಲಿ ಸ್ವಲ್ಪ ಅದ್ದಿ ಉಜ್ಜಿ, ನೊರೆ ಬಂದು ಬಿಡತ್ತೆ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್. ಮಗು ದೂರ ಇರ್ಲಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಳಿ.

ಮಗಳು ಬೆಳೆದ್ಮೇಲೆ ಕಾರ್ಡ್ ಮಷಿನ್ನನ್ನ ನಾವು ಬೀದಿ ಕೊನೇ ಅಂಗನವಾಡಿಗೆ ಕೊಟ್ವಿ. ನೀವೂ ಕೊಡೋದಾದ್ರೆ ಕಾರ್ಡೆಲ್ಲ ಇದ್ಯಾ ಎಣಿಸಿ, ಸ್ಕ್ರೂ ನೋಡಿ, ಹಿಂದ್ಗಡೆ ಒಂದು ಚೀಟಿ ಅಂಟಿಸಿ, ಯಾವ ಚಾರ್ಜರ್ರು, ಎಷ್ಟು ಹೊತ್ತು ಹಾಕ್ಬೇಕು ಅಂತ ಕನ್ನಡದಲ್ಲೇ ಬರ್ದು. ಆನೆ ಕಾರ್ಡ್ ಒಂದನ್ನ ಮಾತ್ರ ಮಗಳು ಕೊಡ್ಲಿಲ್ಲ, ಅದು ಈಗ ಅಜ್ಜಿ ದಿಂಬಿನ ಕೆಳಗಿದೆ.