ಪಾಲಿಕೆ ಎಂಜಿನಿಯರ್ ಪರಿಶೀಲನೆಗೆ ಬಂದಾಗ

ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿರುವವರು ಗಮನಿಸಿ. ಅನುಮೋದಿತ ನಕ್ಷೆಯ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ನಿವೇಶನದಲ್ಲೇ ತೂಗುಹಾಕಿ. ಕೆಲಸ ಮುಗಿಯುವವರೆಗೂ ಅದು ಸ್ಥಳದಲ್ಲಿ ಕಾಣುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ನಕ್ಷೆ ಬೀರುವಿನಲ್ಲಿ, ಬೀಗದ ಕೈ ಮಾವನವರ ಬಳಿ ಎನ್ನುವಂತಿದ್ದರೆ ಮಾತು ಅಲ್ಲಿಂದಲೇ ಹದಗೆಡುತ್ತದೆ.

ತಕರಾರು ಹೆಚ್ಚಾಗಿ ಏಳುವುದು ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗದ ವಿಷಯದಲ್ಲಿ. ಪಾಯದ ಗುರುತು ಹಾಕಿದ ದಿನವೇ ನಾಲ್ಕೂ ಕಡೆ ಟೇಪು ಹಿಡಿದು, ಅಳತೆ ಕಾಣುವಂತೆ ಫೋಟೊ ತೆಗೆದಿಡಿ. ಗೋಡೆ ಎದ್ದ ಮೇಲೆ ಅರ್ಧ ಅಡಿ ಹಿಂದೆ ಸರಿಸಲು ಯಾವ ಮೇಸ್ತ್ರಿಯಿಂದಲೂ ಆಗದು. ಮೆಟ್ಟಿಲನ್ನು ಹೊರಗೆ ತಂದಿದ್ದೀರಾ, ಬಾಲ್ಕನಿ ಚಾಚಿದ್ದೀರಾ? ಪಾಲಿಕೆ ಎಂಜಿನಿಯರ್ ಬರುವ ಮೊದಲೇ ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿ.

ಅಧಿಕಾರಿಯೊಂದಿಗೆ ಮೇಸ್ತ್ರಿಯನ್ನು ಮಾತಿಗೆ ಬಿಡಬೇಡಿ. ನಕ್ಷೆ ಮಾಡಿದ ಎಂಜಿನಿಯರನ್ನು ಕರೆಸಿ. ಲೋಪವಿದೆ ಎಂದರೆ ವಾದಿಸದೆ, ‘ಲಿಖಿತವಾಗಿ ಕೊಡಿ ಸಾರ್, ಸರಿಪಡಿಸುತ್ತೇವೆ’ ಎನ್ನಿ. ಅರ್ಧದಷ್ಟು ಲೋಪಗಳು ಕಾಗದಕ್ಕೆ ಇಳಿಯುವುದೇ ಇಲ್ಲ.

ಹಣ ಕೇಳಿದರೆ ಲೋಕಾಯುಕ್ತ ಪೊಲೀಸರಿದ್ದಾರೆ. ಬಲವಂತಕ್ಕೆ ಕೊಟ್ಟಿದ್ದರೂ 7 ದಿನಗಳೊಳಗೆ ದೂರು ನೀಡಿದರೆ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ.