ಊರ ಹೊಲಕ್ಕೆ ಸೋಲಾರ್ ಬರ್ತಿದ್ಯಾ? ಸಹಿ ಹಾಕೋ ಮುಂಚೆ ಇಷ್ಟು ಮಾಡ್ಕೊಳ್ಳಿ

ಬಯಲುಸೀಮೆ ಕಡೆ ಈಗ ಇದು ಮಾಮೂಲಿ ಆಗಿದೆ. ಬಿಳಿ ಕಾರಲ್ಲಿ ಇಬ್ರು ಬರ್ತಾರೆ, ಜೊತೇಲಿ ಪಕ್ಕದೂರಿನ ಪರಿಚಯದ ಬ್ರೋಕರ್ ಇರ್ತಾನೆ, "ಅಣ್ಣ, ಮಳೆ ನಂಬ್ಕೊಂಡು ಕಳ್ಳೇಕಾಯಿ ಹಾಕಿ ಏನ್ ಸಿಗತ್ತೆ, ಸುಮ್ನೆ ಬಾಡಿಗೆಗೆ ಕೊಟ್ಬಿಡಿ, ವರ್ಷಾ ವರ್ಷಾ ಅಕೌಂಟಿಗೇ ದುಡ್ಡು" ಅಂತಾನೆ. ಮಾತು ಪೂರ್ತಿ ಸುಳ್ಳೂ ಅಲ್ಲ. ಪಾವಗಡದ ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್ ಪಾರ್ಕ್ ಆಗಿದ್ದು ಹೀಗೇನೇ, ಜಮೀನು ಕೊಂಡ್ಕೊಳ್ದೆ ರೈತರ ಹತ್ರ 28 ವರ್ಷಕ್ಕೆ ಗುತ್ತಿಗೆ ತಗೊಂಡು, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಕೊಟ್ಟು. ಸತತ ಬರ ಕಂಡ ತಾಲ್ಲೂಕಿಗೆ ಅದು ಸಣ್ಣ ದುಡ್ಡಲ್ಲ.

ನಾನು ಸೋಲಾರ್ ಬೇಡ ಅಂತ ಹೇಳೋನಲ್ಲ. ಆದ್ರೆ ಒಂದ್ ವಿಷ್ಯ ಸುಮಾರ್ ಜನಕ್ಕೆ ಗೊತ್ತಿರಲ್ಲ. ಗಣಿಗೋ ದೊಡ್ಡ ಕಾರ್ಖಾನೆಗೋ ಆದ್ರೆ ಪರಿಸರ ಅನುಮತಿ, ಅದಕ್ಕೂ ಮುಂಚೆ ಊರವರ ಮುಂದೆ ಸಾರ್ವಜನಿಕ ಅಹವಾಲು ಸಭೆ ಅಂತ ಒಂದಿರತ್ತಲ್ಲ, ಸೋಲಾರ್ ಪ್ಯಾನಲ್ ಯೋಜನೆಗಳು ಅದನ್ನ ಕಡ್ಡಾಯ ಮಾಡೋ 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆ ವ್ಯಾಪ್ತಿಗೇ ಬರಲ್ಲ. ಖಾಸಗಿ ಗುತ್ತಿಗೆ ಆಗಿದ್ರಿಂದ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನವೂ ಇಲ್ಲ. ಅಂದ್ರೆ ಅಧಿಕಾರಿಗಳು ಬಂದು ಶಾಮಿಯಾನ ಹಾಕಿ ನಿಮ್ಮನ್ನ ಕೇಳ್ತಾರೆ ಅಂತ ಕಾಯ್ತಾ ಕೂತ್ರೆ ಆ ದಿನ ಬರೋದೇ ಇಲ್ಲ, ತೀರ್ಮಾನ ಆಗೋದು ಒಬ್ಬೊಬ್ಬರ ಮನೆ ಜಗಲಿ ಮೇಲೆ, ಒಂದೊಂದೇ ಸಹಿಯಲ್ಲಿ. ಕೇಳೋ ಜಾಗ ನಾವೇ ಮಾಡ್ಕೋಬೇಕು, ಅದೂ ಬೇಗ.

ಮೊದಲು: ಬಂದಿರೋರು ಯಾರು, ಯಾವ ದಾರೀಲಿ ಬಂದಿದಾರೆ

ಸೋಲಾರ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಪಾವಗಡದ ಥರ ಪಾರ್ಕ್ ಒಂದು. ಕೇಂದ್ರ ಸರ್ಕಾರದ ರೈತರ ಸೋಲಾರ್ ಯೋಜನೆ ಪಿಎಂ ಕುಸುಮ್‌ನಲ್ಲಿ ಬರೋ ಸಣ್ಣ ಘಟಕಗಳು ಇನ್ನೊಂದು, ಸಬ್‌ಸ್ಟೇಷನ್ ಹತ್ರ, ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ, ಊರಿನ ಪಂಪ್‌ಸೆಟ್ ಫೀಡರಿಗೆ ಹಗಲು ಕರೆಂಟ್ ಕೊಡಕ್ಕೆ ಅಂತ ಮಾಡಿರೋದು. ಮೂರನೇದು ಕಂಪನಿಯೋರು ನೇರವಾಗಿ ಬಂದು ಗುತ್ತಿಗೆಗೋ ಕ್ರಯಕ್ಕೋ ಕೇಳೋದು. 2020ರ ತಿದ್ದುಪಡಿಯಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ್ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಅದಕ್ಕೇ ಈ ಮೂರನೇ ಥರದವರಲ್ಲಿ ಕೆಲವರು ಬರೀ ಜಮೀನು ಹಿಡಿದಿಟ್ಟು ಆಮೇಲೆ ದೊಡ್ಡ ಕಂಪನಿಗೆ ದಾಟಿಸೋ ದಲ್ಲಾಳಿಗಳೂ ಇರ್ತಾರೆ. ಬಂದೋರನ್ನ ಕೇಳಿ: ಕ್ರೆಡಲ್ (ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ನಿಗಮ) ಮಂಜೂರಾತಿ ಪತ್ರ ಇದ್ಯಾ, ಯಾವ ಸಬ್‌ಸ್ಟೇಷನ್ನಿಗೆ ಲೈನ್ ಎಳೀತೀರಾ, ಒಟ್ಟು ಎಷ್ಟು ಎಕರೆ, ಯಾವ್ಯಾವ ಸರ್ವೆ ನಂಬರ್. ಜೆರಾಕ್ಸ್ ಕೊಡಕ್ಕೆ ಹಿಂದೆಮುಂದೆ ನೋಡಿದ್ರೆ ಅಲ್ಲೇ ಅರ್ಥ ಆಗೋಗತ್ತೆ.

ಆಮೇಲೆ: ನಿಮ್ಮ ಕಾಗದ

ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ರೆ ಪೌತಿ ಖಾತೆ, ಅಂದ್ರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸ್ಕೊಳ್ಳಿ. ಅಣ್ತಮ್ಮಂದಿರ ಜಂಟಿ ಇದ್ರೆ ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡೋದು) ಆಗಿದ್ಯಾ ನೋಡಿ, ಅಕ್ಕತಂಗೀರ ಪಾಲಿನ ವಿಷ್ಯ ಈಗಲೇ ಮಾತಾಡ್ಕೊಳ್ಳಿ, ಯಾಕಂದ್ರೆ ಬಾಡಿಗೆ ಬರಕ್ಕೆ ಶುರು ಆದ್ಮೇಲೆ ಮಾತಾಡಿದ್ರೆ ಅದು ಮಾತಾಗಿರಲ್ಲ, ಕೇಸಾಗತ್ತೆ. ಸೊಸೈಟಿ, ಬ್ಯಾಂಕ್ ಸಾಲಕ್ಕೆ ಜಮೀನು ಅಡಮಾನ ಇದ್ರೆ ಅವರ ಎನ್‌ಒಸಿ ಬೇಕು.

ಎಸ್‌ಸಿ, ಎಸ್‌ಟಿ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾದ್ರೆ ಇನ್ನೂ ಹುಷಾರು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ದೆ ಅದನ್ನ ಪರಭಾರೆ ಮಾಡಂಗಿಲ್ಲ, ಮತ್ತೆ ಪರಭಾರೆ ಅಂದ್ರೆ ಕ್ರಯ ಮಾತ್ರ ಅಲ್ಲ, ಗುತ್ತಿಗೆನೂ ಸೇರತ್ತೆ. "ಅದೆಲ್ಲ ನಾವು ನೋಡ್ಕೋತೀವಿ ಬಿಡಿ" ಅಂತ ಬ್ರೋಕರ್ ಹೇಳಿದ್ರೆ ಅನುಮತಿ ಆದೇಶದ ಕಾಪಿ ಕೈಗೆ ಬರೋವರ್ಗೂ ಪೆನ್ ಮುಟ್ಟಬೇಡಿ.

ಊರ ನಕ್ಷೆ ಬಿಚ್ಚಿ

ಈ ಕೆಲಸ ಯಾರೂ ಮಾಡಲ್ಲ, ನನ್ ಪ್ರಕಾರ ಇದೇ ಮುಖ್ಯ. ಭೂದಾಖಲೆ ಇಲಾಖೆ ವೆಬ್‌ಸೈಟಲ್ಲಿ ನಿಮ್ಮ ಗ್ರಾಮ ನಕ್ಷೆ ಸಿಗತ್ತೆ, ದೊಡ್ಡದಾಗಿ ಪ್ರಿಂಟ್ ಹಾಕ್ಸಿ, ಕಂಪನಿ ಕೇಳ್ತಿರೋ ಸರ್ವೆ ನಂಬರ್‌ಗಳಿಗೆಲ್ಲ ಬಣ್ಣ ಹಚ್ಚಿ, ಆಮೇಲೆ ವಯಸ್ಸಾದ ಇಬ್ಬರನ್ನ ಕೂರಿಸ್ಕೊಂಡು ನೋಡಿ. ಬಂಡಿ ದಾರಿ ಎಲ್ಲಿ ಹೋಗತ್ತೆ, ಸ್ಮಶಾನದ ದಾರಿ ಯಾವ್ದು, ಕೆರೆಗೆ ನೀರು ತರೋ ಹಳ್ಳ ಯಾವ ಹೊಲದ ಅಂಚಲ್ಲಿದೆ. ತಂತಿ ಬೇಲಿ ಬಿದ್ಮೇಲೆ ನಡುವೆ ಸಿಕ್ಕಾಕೊಂಡ ಎರಡೆಕ್ರೆಯವನು ತನ್ನ ಹೊಲಕ್ಕೆ ಹೋಗಕ್ಕೆ ಎರಡು ಕಿಲೋಮೀಟರ್ ಸುತ್ತಬೇಕಾಗತ್ತೆ, ಸಹಿ ಹಾಕ್ದೇ ಇದ್ರೂ ಅವನ ಜಮೀನು ಹೋದ ಹಾಗೇನೇ, ಕೊನೆಗೆ ಬೇಸತ್ತು ಅವನೂ ಸಹಿ ಹಾಕ್ತಾನೆ. ನಕ್ಷೆಲಿರೋ ದಾರಿ ಮುಚ್ಚೋ ಹಕ್ಕು ಯಾರಿಗೂ ಇಲ್ಲ, ತಹಶೀಲ್ದಾರ್ ತೆರವು ಮಾಡಿಸಬಹುದು, ಆದ್ರೆ ಬೇಲಿ ಹಾಕೋ ಮುಂಚೆ ಹೇಳಿದ್ರೆ ಸಲೀಸು.

ಬಣ್ಣ ಹಚ್ಚಿದ್ರಲ್ಲಿ ಗೋಮಾಳ ಸೇರಿದ್ರೆ ಅದು ಬೇರೆಯದೇ ಕಥೆ. ಭೂಕಂದಾಯ ನಿಯಮಗಳ 97ನೇ ನಿಯಮದಲ್ಲಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ, ಗೋಮಾಳ ಇರಬೇಕು ಅಂತಿದೆ. ಪಶು ಆಸ್ಪತ್ರೆಯಲ್ಲಿ ನಿಮ್ಮೂರಿನ ಜಾನುವಾರು ಗಣತಿ ಲೆಕ್ಕ ಕೇಳಿ ತಗೊಳ್ಳಿ, ಗುಣಾಕಾರ ಮಾಡಿ, ಇರೋ ಗೋಮಾಳಕ್ಕೆ ಹೋಲಿಸಿ. ಕಮ್ಮಿ ಬಿದ್ರೆ ಆ ಒಂದು ಹಾಳೆ ಹತ್ತು ಭಾಷಣಕ್ಕಿಂತ ಗಟ್ಟಿ.

ಗ್ರಾಮಸಭೆಗೆ ತನ್ನಿ

ಎಷ್ಟೋ ಕಡೆ ಕಂಪನಿಯೋರು ಪಂಚಾಯ್ತಿ ಎನ್‌ಒಸಿ ಕೇಳ್ಕೊಂಡು ಬರ್ತಾರೆ, ಅಧ್ಯಕ್ಷರು ಪಿಡಿಒ ಕೂತು ಮುಗಿಸ್ಬಿಡ್ತಾರೆ. ಅದಕ್ಕೆ ಮುಂಚೆನೇ "ಈ ವಿಷಯ ಗ್ರಾಮಸಭೆಯಲ್ಲಿ ಚರ್ಚೆ ಆಗ್ಬೇಕು" ಅಂತ ಪಿಡಿಒಗೆ ಬರೆದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಗ್ರಾಮಸಭೆ ನಿರ್ಣಯ ಒಂದರಿಂದಲೇ ಪ್ರಾಜೆಕ್ಟ್ ನಿಲ್ಲತ್ತೆ ಅಂತ ಅನ್ಕೋಬೇಡಿ, ಆದ್ರೆ ನಡಾವಳಿ ಪುಸ್ತಕದಲ್ಲಿ ಬರೆದಿದ್ದು ನಾಳೆ ಡಿಸಿ ಮುಂದೆ, ಕೋರ್ಟಲ್ಲಿ ದಾಖಲೆ ಆಗತ್ತೆ, ಬರೀ ಕೂಗಾಡಿದ್ದು ಆಗಲ್ಲ.

ಅವತ್ತು ಜಮೀನಿಲ್ಲದವರೂ ಬರಂಗೆ ನೋಡ್ಕೊಳ್ಳಿ. ಪಾವಗಡದಿಂದ ಬಂದ ವರದಿಗಳಲ್ಲಿ ಪದೇ ಪದೇ ಕಾಣೋದು ಇದೇ, ಜಮೀನಿದ್ದೋರಿಗೆ ಬಾಡಿಗೆ ಬಂತು, ಕಳೆ ಕೀಳಕ್ಕೆ ಹೋಗ್ತಿದ್ದ ಹೆಂಗಸರಿಗೆ ಕೂಲಿ ಹೋಯ್ತು, ಕುರಿಗಾರರಿಗೆ ಮೇವು ಹೋಯ್ತು. ಗುತ್ತಿಗೆ ಪತ್ರದಲ್ಲಿ ಇವರ ಹೆಸರು ಎಲ್ಲೂ ಬರಲ್ಲ. ಹಾಗಾಗಿ ಪ್ಯಾನಲ್ ತೊಳೆಯೋದು, ಹುಲ್ಲು ಕತ್ತರಿಸೋದು, ಕಾವಲು ಇಂಥ ಕೆಲಸ ಎಷ್ಟು ಜನಕ್ಕೆ, ಯಾವ ಊರೋರಿಗೆ, ತೊಳೆಯೋ ನೀರು ಯಾವ ಬೋರಿಂದ, ಎಲ್ಲಾ ಸಂಖ್ಯೆ ಸಮೇತ ನಿರ್ಣಯದಲ್ಲಿ ಬರಲಿ. "ಸ್ಥಳೀಯರಿಗೆ ಆದ್ಯತೆ" ಅನ್ನೋ ಸಾಲನ್ನ ಮಾತ್ರ ಒಪ್ಕೋಬೇಡಿ, ಅದಕ್ಕೆ ಅರ್ಥನೇ ಇಲ್ಲ.

ಕರಾರು ಪತ್ರ

ಕನ್ನಡದಲ್ಲೇ ಕೇಳಿ. ವಾರ ಟೈಮ್ ತಗೊಂಡು ನಿಮ್ಮ ವಕೀಲರಿಗೆ ತೋರಿಸಿ, ಕಂಪನಿ ವಕೀಲರಿಗಲ್ಲ. ಮೊದಲು ಬಾಡಿಗೆ ಏರಿಕೆ ಸಾಲು ಹುಡುಕಿ. ಪಾವಗಡದಲ್ಲಿ ಎರಡು ವರ್ಷಕ್ಕೊಮ್ಮೆ ಶೇ 5. ಲೆಕ್ಕ ಹಾಕಿ ನೋಡಿ, 21,000ದಿಂದ ಶುರುವಾಗಿ 28ನೇ ವರ್ಷಕ್ಕೆ ಅದು ಸುಮಾರು 39,600 ಆಗತ್ತೆ, ಇಷ್ಟು ವರ್ಷದಲ್ಲಿ ಡಬಲ್ ಕೂಡ ಆಗಲ್ಲ. ಅದೇ ಶೇ 5 ಪ್ರತಿ ವರ್ಷ ಅಂತ ಬರೆಸಿದ್ರೆ 78,000 ದಾಟತ್ತೆ. ಒಂದು ಪದದ ವ್ಯತ್ಯಾಸ ಅಷ್ಟೇ. ಶೇಕಡಾ ಎಷ್ಟು ಅಂತ ಜಗಳ ಆಡ್ತಾರೆ ಜನ, ಎಷ್ಟು ವರ್ಷಕ್ಕೊಮ್ಮೆ ಅಂತ ನೋಡೋದೇ ಇಲ್ಲ.

ಮಿಕ್ಕಿದ್ದು: ಕಂಪನಿ ಕೈ ಬದಲಾದ್ರೆ ಬಾಡಿಗೆ ಯಾರ ಹೊಣೆ, ಎರಡು ಕಂತು ತಪ್ಪಿದ್ರೆ ಕರಾರು ರದ್ದಾಗತ್ತಾ, ನಿಮ್ಮ ಜಮೀನಿನ ಮೇಲೆ ಅವರು ಸಾಲ ಎತ್ತಬಹುದಾ, ಬೋರು ಹುಣಸೆಮರಕ್ಕೆ ಬೇರೆ ಪರಿಹಾರ ಇದ್ಯಾ. ಕೊನೇಲಿ ಕಂಬ, ಕಾಂಕ್ರೀಟ್, ಕೇಬಲ್ ಕಿತ್ತು ಜಮೀನನ್ನ ಉಳುಮೆಗೆ ಬರೋ ಹಾಗೆ ಮಾಡಿ ಕೊಡೋರು ಯಾರು, ಅದಕ್ಕೆ ಈಗಲೇ ಠೇವಣಿ ಇಡ್ತಾರಾ. ಬದು ಒಡೆದು ಸಮ ಮಾಡಿರ್ತಾರೆ, ಬದುಗಲ್ಲು ಇರಲ್ಲ, ನಿಮ್ಮ ಮಗ ಯಾವ್ದು ನಮ್ಮ ಹೊಲ ಅಂತ ಹುಡುಕ್ಬೇಕು, ಅದಕ್ಕೆ ಸರ್ವೆ ಸ್ಕೆಚ್ಚನ್ನ ಕರಾರಿಗೇ ಲಗತ್ತಿಸಿ. ಮತ್ತೆ ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು, ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿದ್ದು ಸಾಲಲ್ಲ.

ತಕರಾರು ಇದ್ರೆ

ಕೃಷಿ ಜಮೀನನ್ನ ಬೇರೆ ಉದ್ದೇಶಕ್ಕೆ ಬಳಸೋ ವಿಷ್ಯ ಭೂಕಂದಾಯ ಕಾಯ್ದೆ 95ನೇ ಸೆಕ್ಷನ್‌ನಲ್ಲಿ ಬರತ್ತೆ, ಅಧಿಕಾರ ಡಿಸಿದು. ಸೋಲಾರಿಗೆ ಸರ್ಕಾರ ಇದನ್ನ ಸಡಿಲ ಮಾಡ್ತಾ ಬಂದಿದೆ, ಹಾಗಾಗಿ ಇವತ್ತಿನ ನಿಯಮ ಏನಿದೆ ಅಂತ ತಾಲ್ಲೂಕ್ ಕಚೇರಿಯಲ್ಲೇ ಕೇಳಿ, ಪಕ್ಕದೂರಲ್ಲಿ ಹಿಂದೆ ಆಗಿದ್ದನ್ನ ನಂಬ್ಕೋಬೇಡಿ. ಪಟ್ಟಣದ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ರೆ ಮಾಸ್ಟರ್ ಪ್ಲಾನಲ್ಲಿ ಹಸಿರು ವಲಯ ಅಂತಿದ್ಯಾ ಅಲ್ಲೂ ವಿಚಾರಿಸಿ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕ ಸ್ವಾಧೀನ ಅಂತ 28(1) ಅಧಿಸೂಚನೆ ಬಂದಿದ್ರೆ, ನಂತರ ನಿಮಗೆ ಬರೋ ನೋಟಿಸ್‌ನ ಗಡುವಿನ ಒಳಗೆ ಲಿಖಿತ ಆಕ್ಷೇಪಣೆ ಹಾಕ್ಲೇಬೇಕು, ಆ ದಿನ ತಪ್ಪಿಸ್ಕೋಬೇಡಿ.

ಅರ್ಜಿಯಲ್ಲಿ "ರೈತ ದೇಶದ ಬೆನ್ನೆಲುಬು" ಅಂತೆಲ್ಲ ಶುರು ಮಾಡೋದು ಬೇಡ. ಸರ್ವೆ ನಂಬರ್, ಅಲ್ಲಿ ಏನಿದೆ, ಏನು ತೊಂದ್ರೆ, ಏನು ಆಗ್ಬೇಕು, ಜೊತೆಗೆ ಬಣ್ಣ ಹಚ್ಚಿದ ನಕ್ಷೆ, ನಿರ್ಣಯದ ಕಾಪಿ, ಅಷ್ಟೇ. ತಹಶೀಲ್ದಾರ್‌ಗೆ, ಎಸಿಗೆ (ಉಪವಿಭಾಗಾಧಿಕಾರಿ), ಡಿಸಿಗೆ ಒಂದೊಂದು ಪ್ರತಿ. ಉತ್ತರ ಬರ್ಲಿಲ್ಲ ಅಂದ್ರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ, ಅರ್ಜಿ ಯಾವ ಟೇಬಲ್ ಮೇಲಿದೆ, ಕಡತದಲ್ಲಿ ಏನ್ ಟಿಪ್ಪಣಿ ಬರೆದಿದಾರೆ ಅಂತ ಕೇಳಿ, 30 ದಿನದೊಳಗೆ ಹೇಳ್ಬೇಕು.